ಸ್ಕೋರ್ 14 ಬಂದರೆ ನಂಬಿಕೆ ಕಡಿಮೆಯಾ?

ವಾಕ್ಯಭಾಗ: 1 ಅರಸುಗಳು 19:1-18



"ಪಾಸ್ಟರ್, ಡಾಕ್ಟರ್ ಒಂದು ಫಾರ್ಮ್ ತುಂಬಿಸಿದ್ರು, ಸ್ಕೋರ್ 14 ಬಂತು. ನನ್ನ ನಂಬಿಕೆ ಅಷ್ಟು ಬಿದ್ದುಹೋಗಿದೆಯಾ?" ನಮ್ಮ ಯೌವನಸ್ಥರ ಮನಸ್ಸಲ್ಲಿ ಈ ಪ್ರಶ್ನೆ ಇದೆ. ಇವತ್ತು ಅದನ್ನೇ ಧ್ಯಾನಿಸೋಣ. ಮನಸ್ಸಿನ ನೋವನ್ನು ಅಳೆಯುವುದು ಅವಿಶ್ವಾಸವಾ?

ಮೊದಲು ಆ ಫಾರ್ಮ್ ಏನು ಕೇಳುತ್ತೆ ನೋಡಿ. ಖಿನ್ನತೆಗೆ ಪಿಎಚ್‌ಕ್ಯು-9, ಒಂಬತ್ತು ಪ್ರಶ್ನೆ. ಆತಂಕಕ್ಕೆ ಜಿಎಡಿ-7, ಏಳು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಈ ತೊಂದರೆ ಎಷ್ಟು ದಿನ ಕಾಡಿತು? ಇಲ್ಲವೇ ಇಲ್ಲ ಅಂದರೆ 0, ಹೆಚ್ಚುಕಡಿಮೆ ದಿನಾ ಅಂದರೆ 3. ಮೊದಲನೆಯದು 27ರ ತನಕ, ಎರಡನೆಯದು 21ರ ತನಕ ಹೋಗುತ್ತೆ. 10 ಅಥವಾ ಹೆಚ್ಚು ಬಂದರೆ ಡಾಕ್ಟರ್ ಕೂತು ಸರಿಯಾಗಿ ವಿಚಾರಿಸಬೇಕು ಅಂತ ಅರ್ಥ, ಅಷ್ಟೇ. ನಂಬಿಕೆಯ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ.

ಎರಡು ಫಾರ್ಮ್ ಯಾಕೆ? ಚಡಪಡಿಕೆ, ನಿದ್ದೆ ಕೆಡುವುದು ಎರಡರಲ್ಲೂ ಇರಬಹುದು. ಆದರೆ ಆತಂಕ ಮುಂದಿನದಕ್ಕೆ ಹೆದರುತ್ತೆ. ಅಪ್ರೈಸಲ್ ಏನಾಗುತ್ತೋ, ಅಮ್ಮನಿಗೆ ಏನಾದರೂ ಆದರೆ? ಎದೆ ಡವಡವ, ಕೈಯೆಲ್ಲಾ ಬೆವರು. ಖಿನ್ನತೆಯಲ್ಲಿ ಸಂತೋಷವೇ ಒಣಗಿಹೋಗುತ್ತೆ. ಇಷ್ಟದ ಆರಾಧನೆ ಹಾಡು ಬಂದರೂ ಒಳಗೆ ಏನೂ ಅಲುಗುವುದಿಲ್ಲ. ಬಹಳ ಜನರಲ್ಲಿ ಎರಡೂ ಜೊತೆಗೇ ಬರುತ್ತವೆ.

ಎಲೀಯನನ್ನು ನೋಡಿ. ಕರ್ಮೆಲಿನಲ್ಲಿ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ. 3ನೇ ವಚನದಲ್ಲಿ ಈಜೆಬೆಲಳ ಬೆದರಿಕೆಗೆ ಪ್ರಾಣ ಉಳಿಸಿಕೊಳ್ಳಲು ಓಡುತ್ತಾನೆ. 4ನೇ ವಚನದಲ್ಲಿ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ಅವನಿಗೆ ಇಂಥ ಕಾಯಿಲೆ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಓಟ ಬೇರೆ, ಆ ಕೂತದ್ದು ಬೇರೆ. ದೇವರು ಬೈದರಾ? ಇಲ್ಲ. ನಿದ್ದೆ ಕೊಟ್ಟರು, ರೊಟ್ಟಿ ನೀರು ಕೊಟ್ಟರು, ಅದೂ ಎರಡು ಸಲ. ಪ್ರಶ್ನೆ ಕೇಳಿದ್ದು ಹೋರೇಬಿಗೆ ಬಂದ ಮೇಲೆ. ಆಮೇಲೆ ಒಬ್ಬನೇ ಇರಬೇಡ ಅಂತ ಎಲೀಷನನ್ನೂ ಕೊಟ್ಟರು. ಹಲ್ಲೆಲೂಯ!

ನಾವೇನು ಮಾಡ್ತೇವೆ? ಊಟ ಸೇರದವನನ್ನು ನೋಡಿ ಉಪವಾಸ ಅಂದುಕೊಳ್ತೇವೆ. ಹಾಡುವಾಗ ಸುಮ್ಮನೆ ಕೂತವಳನ್ನು ಹಿಂಜಾರಿದವಳು ಅಂತೇವೆ. ಹೆದರಿದವನಿಗೆ ಫಿಲಿಪ್ಪಿ 4:6 ಓದಿ ಕಳಿಸ್ತೇವೆ. ಅದನ್ನು ಬರೆದ ಪೌಲನೇ 2 ಕೊರಿಂಥ 11:28ರಲ್ಲಿ ಎಲ್ಲಾ ಸಭೆಗಳ ಚಿಂತೆ ದಿನಾ ತನ್ನ ಮೇಲಿದೆ ಅಂತ ಒಪ್ಪಿಕೊಂಡಿದ್ದಾನೆ. ಪ್ರಿಯರೇ, ಕಾಯಿಲೆಗೆ ಪಾಪ ಅಂತ ಹೆಸರಿಟ್ಟರೆ ಅದು ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ. ಸರಿಯಾದ ಹೆಸರು ಹುಡುಕುವುದೂ ಪ್ರೀತಿಯೇ.

ಫಾರ್ಮ್‌ಗೂ ಮಿತಿ ಇದೆ. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇದ್ದರೂ ಸುಸ್ತು ಬರುತ್ತೆ. ಅದಕ್ಕೇ ಡಾಕ್ಟರ್ ನೋಡಬೇಕು. ಇನ್ನೊಂದು ಮಾತು. ಪಿಎಚ್‌ಕ್ಯುನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಒಟ್ಟು ಸ್ಕೋರ್ ಎಷ್ಟೇ ಕಡಿಮೆ ಇರಲಿ, ಅಲ್ಲಿ 0 ಬಿಟ್ಟು ಬೇರೆ ಏನು ಬಂದರೂ ಸುಮ್ಮನಿರಬೇಡಿ. ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಶುಗರ್ ಟೆಸ್ಟ್ ಮಾಡಿಸಿಕೊಂಡರೆ ಅವಿಶ್ವಾಸ ಅಂತ ಯಾರೂ ಅನ್ನೋದಿಲ್ಲ, ಅಲ್ವಾ? ಕೈಯಿಟ್ಟು ಪ್ರಾರ್ಥಿಸೋಣ, ಆಸ್ಪತ್ರೆಗೂ ಜೊತೆಗೇ ಹೋಗೋಣ. ಫಾರ್ಮ್ ನಿಮ್ಮ ನೋವನ್ನು ಅಳೆಯಲಿ. ನಿಮ್ಮ ಬೆಲೆಯನ್ನು ಕರ್ತನು ಶಿಲುಬೆಯಲ್ಲಿ ಕೊಟ್ಟಾಗಿದೆ. ಆಮೆನ್.