ತಳ ಕಾಣದ ಮಾತು

ಬಾವಿಯ ತಳ ಕಾಣದಿದ್ದರೆ ನೀರು ಆಳವಾಗಿರಬೇಕು, ಇಲ್ಲವೆ ರಾಡಿಯಾಗಿರಬೇಕು. ಮಾತಿನ ವಿಷಯದಲ್ಲಿ ಮಾತ್ರ ನಾವು ಎರಡನೆಯ ಕಾರಣವನ್ನು ಮರೆತುಬಿಡುತ್ತೇವೆ.

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿವರ್ಷ ನವರಾತ್ರಿಯಲ್ಲಿ ಮಾಲತೇಶ ಸ್ವಾಮಿಯ ಕಾರಣಿಕವಾಗುತ್ತದೆ. ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಗದರಿದೊಡನೆ ಸಾವಿರಾರು ಜನರ ಗದ್ದಲ ಅಡಗುತ್ತದೆ. ಆಮೇಲೆ ಒಂದೇ ಮಾತು. 'ಪರಾಕ್' ಎಂದು ಮುಗಿಸಿ ಆತ ಕೆಳಕ್ಕೆ ಬೀಳುತ್ತಾನೆ. ತುಂಗಭದ್ರೆಯ ಆಚೆ ದಡದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೂ ಇದೇ ಪದ್ಧತಿ. 2025ರಲ್ಲಿ ಅಲ್ಲಿ ಆದ ನುಡಿ: 'ತುಂಬಿದ ಕೊಡ ತುಳುಕಿತಲೇ ಪರಾಕ್.'

ಕೊಡ ತುಳುಕಿದರೆ ಸುಭಿಕ್ಷವೋ, ನೆರೆಯೋ? ರೈತನಿಗೆ ಅದು ಮಳೆ, ವ್ಯಾಪಾರಿಗೆ ಪೇಟೆಯ ಧಾರಣೆ, ರಾಜಕಾರಣಿಗೆ ಕುರ್ಚಿ. ಅರ್ಥವನ್ನು ಪ್ರತಿಯೊಬ್ಬನೂ ಬುತ್ತಿಯಂತೆ ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾನೆ. ನಾವೇ ತುಂಬಿದ ಅರ್ಥ ನಮಗೆ ಸೊಗಸಾಗಿ ಕಾಣುವುದು ಸಹಜ. ಅದರ ಹಿರಿಮೆ ಮಾತ್ರ ಆಡಿದವನ ಲೆಕ್ಕಕ್ಕೆ ಜಮೆಯಾಗುತ್ತದೆ.

2015ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಗೋರ್ಡನ್ ಪೆನ್ನಿಕುಕ್ ಮತ್ತು ಸಂಗಡಿಗರು, ಘನವಾದ ಶಬ್ದಗಳನ್ನು ಯಂತ್ರವೊಂದು ಮನಬಂದಂತೆ ಪೋಣಿಸಿದ ವಾಕ್ಯಗಳನ್ನು ಜನರ ಮುಂದಿಟ್ಟು, ಇವೆಷ್ಟು ಗಹನವೆಂದು ಕೇಳಿದರು. ವ್ಯಾಕರಣ ಸರಿಯಿತ್ತು, ಅರ್ಥವಿರಲಿಲ್ಲ. ಆದರೂ ಹಲವರು ಗಹನವೆಂದರು. ನಿಧಾನಿಸಿ ಯೋಚಿಸುವ ರೂಢಿಯವರು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ಹಾಗೆಂದು ತಿಳಿಯದ ಮಾತೆಲ್ಲ ಟೊಳ್ಳಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯೊಡನೆ ಹೆಸರು ಬೆಸೆದಿರುವ ಕನಕದಾಸರ ಮುಂಡಿಗೆಗಳೂ ಮೊದಲು ಕೇಳಿದಾಗ ಕತ್ತಲೆಯೇ. ಆದರೆ ಅಲ್ಲಿ ಬೀಗದ ಜತೆಗೆ ಕೀಲಿಯೂ ಇದೆ. ಬಿಡಿಸಿದಾಗ ಒಂದೊಂದು ಶಬ್ದವೂ ತನ್ನ ಜಾಗದಲ್ಲಿ ಕೂಡುತ್ತದೆ. ಕೂಡದ ಅರ್ಥವನ್ನು ಮುಂಡಿಗೆಯೇ ಹೊರಗೆ ತಳ್ಳುತ್ತದೆ. ಟೊಳ್ಳು ಮಾತು ಯಾವ ಅರ್ಥವನ್ನೂ ಬೇಡವೆನ್ನುವುದಿಲ್ಲ.

ಕಾರಣಿಕದ ಬಗ್ಗೆ ನನ್ನ ಆಕ್ಷೇಪವಿಲ್ಲ. ಅದು ನಂಬಿಗೆಯ ಮಾತು. ಮೇಲಾಗಿ ಜನ ಗುಡ್ಡ ಇಳಿಯುವಾಗಲೇ 'ಹಂಗಂದ್ರ ಏನಪಾ?' ಎಂದು ವಾದಕ್ಕೆ ತೊಡಗುತ್ತಾರೆ. ನನಗೆ ಅಳುಕಾಗುವುದು ಹಾವೇರಿಯಂಥ ಊರುಗಳ ನಮ್ಮ ಸಭಾಭವನಗಳಲ್ಲಿ. 'ಶೂನ್ಯದ ಪೂರ್ಣತೆಯೇ ಚೈತನ್ಯದ ಮೌನ' ಎಂದು ಯಾರಾದರೂ ವ್ಯಾಸಪೀಠದಿಂದ ನುಡಿದರೆ (ಈ ವಾಕ್ಯವನ್ನು ಈಗಷ್ಟೇ ನಾನು ಹೊಸೆದದ್ದು) ಪದವೀಧರರ ಸಾಲಿಗೆ ಸಾಲೇ ತಲೆದೂಗೀತು. 'ಚೈತನ್ಯದ ಪೂರ್ಣತೆಯೇ ಶೂನ್ಯದ ಮೌನ' ಎಂದು ತಿರುವಿ ಹೇಳಿದರೂ ತೂಗುವುದು ಅಷ್ಟೇ.

ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಪೇಟೆಯ ಖರೀದಿದಾರನಿಗೆ ಇದು ಗೊತ್ತು. ಮುರಿದು, ಒಣಗಿದೆಯೋ ಇಲ್ಲವೋ ನೋಡಿ ದರ ಹಾಕುತ್ತಾನೆ. ಬಣ್ಣಕ್ಕೆ ಬಣ್ಣದ ಬೆಲೆ ಕೊಡುತ್ತಾನೆ. ಅವನೇ ಸಂಜೆ ಉಪನ್ಯಾಸಕ್ಕೆ ಬಂದರೆ, ಮುರಿದು ನೋಡುವ ಕೈಯನ್ನು ಮುಗಿದು ಕೂಡುತ್ತಾನೆ. ಪಕ್ಕದವನಿಗೆ ತಿಳಿದಿದೆ, ತನಗೊಬ್ಬನಿಗೇ ತಿಳಿಯಲಿಲ್ಲವೆಂಬ ಸಂಕೋಚ. ಹೀಗೆ ಪಳಗಿದ ಕತ್ತು ಚುನಾವಣೆಯ ಭಾಷಣಕ್ಕೂ ತೂಗುತ್ತದೆ, ಹಣ ದುಪ್ಪಟ್ಟು ಮಾಡಿಕೊಡುವೆನೆಂದು ಮನೆ ಬಾಗಿಲಿಗೆ ಬಂದವನ ಮಾತಿಗೂ ತೂಗುತ್ತದೆ.

ಎಲ್ಲೋ ಒಮ್ಮೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, 'ಒಂದು ಉದಾಹರಣೆ ಹೇಳ್ರಿ' ಎನ್ನುತ್ತಾರೆ. ಆಗ ಅಕ್ಕಪಕ್ಕದವರ ಮುಖ ನೋಡಬೇಕು. ಸಿಟ್ಟಿಗಿಂತ ನಿರಾಳವೇ ಹೆಚ್ಚು, ಅವರಿಗೂ ತಿಳಿದಿರಲಿಲ್ಲ.