ಹೊದಿಕೆಯ ಕೆಳಗೆ

ಕಳೆದ ಮಳೆಗಾಲದಲ್ಲಿ ಮಗ ಊಟದ ಮೇಜಿನ ಮೇಲೆ ದೋಣಿ ಕಟ್ಟಲು ಕೂತ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಜೀವರಕ್ಷಕ ದೋಣಿಯ ಮಾದರಿ. 30 ಅಡಿಯ ದೋಣಿ ನೂರರಲ್ಲೊಂದು ಅಳತೆಗೆ ಇಳಿದು 9 ಸೆಂಟಿಮೀಟರ್ ಆಗಿತ್ತು. ಅದರ ಮೇಲೆ ಕ್ಯಾನ್ವಾಸಿನ ಹೊದಿಕೆ ಬೇಕೆಂದಾಗ ಹಳೆಯ ಕಾಟನ್ ಸೀರೆಯ ಚೂರು ಕೊಟ್ಟೆ. ಹೊದಿಸಿ ನೋಡಿದರೆ ದೋಣಿ ಕೌದಿ ಹೊದ್ದಂತಿತ್ತು!

“ದೋಣಿ ಸಣ್ಣದಾದ್ರೆ ನೂಲೂ ಅಷ್ಟೇ ಸಣ್ಣದಾಗಬೇಕಲ್ಲಮ್ಮ” ಎಂದು ನಕ್ಕು, ತೆಳ್ಳನೆಯ ಟಿಶ್ಯೂ ಕಾಗದ ತಂದ. ದೋಣಿಯ ನಡುವೆ ಉದ್ದಕ್ಕೆ ಒಂದು ಕಡ್ಡಿ, ಅದರಿಂದ ಅಂಚಿಗೆ ಇಳಿಜಾರಾಗಿ ಸಣ್ಣ ಕಡ್ಡಿಗಳು. ನೀರು ಬೆರೆಸಿದ ಫೆವಿಕಾಲ್ ಸವರಿ ಕಾಗದ ಹೊದಿಸಿದಾಗ ಅದು ಕಡ್ಡಿಗಳ ನಡುವೆ ತಾನಾಗಿ ತುಸು ಜೋತುಬಿತ್ತು. ಒಣಗಿದ ಮೇಲೆ ಹೊಳಪಿಲ್ಲದ ಬಣ್ಣ, ಮಡಿಕೆಗಳಲ್ಲಿ ತುಸು ಗಾಢ, ಏಣುಗಳ ಮೇಲೆ ತುಸು ತಿಳಿ. ಹಗ್ಗದ ಬದಲು ಹೊಲಿಗೆ ದಾರ. ನಿಜವಾದ ಬಟ್ಟೆ ಸುಳ್ಳಾಗಿ ಕಂಡಿತ್ತು. ಕಾಗದ ಬಟ್ಟೆಯೇ ಆಗಿತ್ತು.

“ಒಳಗೆ ಕೂರೋ ಹಲಗೆ ಮಾಡಲಿಲ್ವೇನೋ?”

“ಮುಚ್ಚಿರುತ್ತಲ್ಲಮ್ಮ, ಯಾರು ನೋಡ್ತಾರೆ?”

ಆ ಮಾತು ಚುಚ್ಚಿತು. ನನ್ನ ತಂಗಿ ತವರಿಗೆ ಬಂದಾಗಲೆಲ್ಲ ತೋಳಿನ ಕಲೆಗಳ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ನಾನು ನೋಡಿಯೂ ಕೇಳಲಿಲ್ಲ. ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ಬುದ್ಧಿ ಬೇರೆ ಹೇಳಿದ್ದೆ. 11 ವರ್ಷಗಳ ಮೇಲೆ ಒಂದು ರಾತ್ರಿ ಮಗುವನ್ನೆತ್ತಿಕೊಂಡು ಬಸ್ಸಿಳಿದು ಬಂದಳು. “ಅಕ್ಕಾ, ನೀನು ಒಂದು ಸಲ ಕೇಳಿದ್ದರೆ ಹೇಳಿಬಿಡ್ತಿದ್ದೆ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ಮುಚ್ಚುವುದೇ ತಪ್ಪೇ? ಹಾಗೆನ್ನಲಾರೆ. ಮಳೆಬಿಸಿಲಿಗೆ ದೋಣಿ ಕೆಡದೆ, ಬೇಕಾದ ಗಳಿಗೆಗೆ ಸಿಗಲಿ ಎಂದೇ ಹೊದಿಕೆ. ಆ ಏಪ್ರಿಲ್ ರಾತ್ರಿ ಹಡಗು ಮಂಜುಗಡ್ಡೆಗೆ ತಾಗಿದ ಅರ್ಧ ಗಂಟೆಯೊಳಗೆ ಹೊದಿಕೆ ತೆಗೆಯಿರಿ ಎಂದು ಕಪ್ತಾನ ಆಜ್ಞೆ ಮಾಡಿದ. ಹಡಗಿನಲ್ಲಿ ಸುಮಾರು 2,200 ಜನ. ದೋಣಿಗಳಲ್ಲಿ ಜಾಗ 1,178 ಜನಕ್ಕೆ ಮಾತ್ರ. ಹೊದಿಕೆ ತೆಗೆದ ಮಾತ್ರಕ್ಕೆ ಆ ಕೊರತೆ ತುಂಬಲಿಲ್ಲ, ನಿಜ. ಆದರೂ ಬದುಕಿದ ಸುಮಾರು 700 ಜನ ಬದುಕಿದ್ದು ಆ ದೋಣಿಗಳಿಂದಲೇ.

ನಮ್ಮ ಮನೆಗಳಲ್ಲಿ ಮರ್ಯಾದೆಯ ಹೊದಿಕೆಯನ್ನು ಅಂಟು ಹಾಕಿ ಕೂರಿಸುತ್ತೇವೆ. ಬಿಚ್ಚುವ ಗಂಟನ್ನೇ ಇಟ್ಟಿರುವುದಿಲ್ಲ. ಅದನ್ನು ಬಿಚ್ಚಬೇಕಾದವರು ಒಳಗೆ ನರಳುವವರಷ್ಟೇ ಅಲ್ಲ, ಹೊರಗೆ ನಿಂತು ನೋಡುವ ನಾವೂ ಹೌದು.

ಇನ್ನೊಂದು ದೋಣಿ ಮಾಡು, ಹೊದಿಕೆ ಅರ್ಧ ಸರಿಸಿರಲಿ ಎಂದೆ ಮಗನಿಗೆ. “ಹಾಗಾದ್ರೆ ಒಳಗಿನ ಹಲಗೆಗಳನ್ನೆಲ್ಲ ಮಾಡಬೇಕಾಗುತ್ತಮ್ಮ, ಬಹಳ ಕೆಲಸ” ಎಂದು ಗೊಣಗಿದ.

ಹೌದಪ್ಪ, ಬಹಳ ಕೆಲಸ.