ಬಡವನ ಕುರಿಮರಿಯೂ ಸಮುದ್ರದ ಹೊರೆಯೂ

ಓದತಕ್ಕ ಭಾಗ: 2 ಸಮುವೇಲ 12:1–13



ಪ್ರವಾದಿಯಾದ ನಾತಾನನು ದಾವೀದನಿಗೆ ಹೇಳಿದ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಬಹಳ ಕುರಿದನಗಳಿದ್ದ ಐಶ್ವರ್ಯವಂತನು ಬಡವನಿಗಿದ್ದ ಒಂದೇ ಕುರಿಮರಿಯನ್ನು ಕಸಕೊಂಡನು. ಅರಸನು ಕೋಪಗೊಂಡು ತೀರ್ಪು ಕೊಟ್ಟನು. ಆ ಮನುಷ್ಯನು ತಾನೇ ಎಂಬದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಈ ದಿವಸ ಅಂಥ ಇನ್ನೊಂದು ಕುರಿಮರಿಯ ಸಂಗತಿಯನ್ನು ಕೇಳಿರಿ.

ಪಡುಗಡಲಿನಲ್ಲಿ ಲಕ್ಷದ್ವೀಪವೆಂಬ ಚಿಕ್ಕ ದ್ವೀಪಗಳುಂಟು. ಅವು ಹವಳದ ದಿಬ್ಬಗಳ ಮೇಲೆ ನಿಂತು, ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರವಾಗಿವೆ. ಹವಳವು ಬರಿಯ ಕಲ್ಲಲ್ಲ. ಅತಿ ಚಿಕ್ಕ ಪ್ರಾಣಿಗಳು ಸಮುದ್ರದೊಳಗಿನ ಸುಣ್ಣದಿಂದ ತಲತಲಾಂತರವಾಗಿ ಕಟ್ಟಿದ ಮನೆ. ಅದು ದಡಕ್ಕೆ ಕೋಟೆ, ಮೀನುಗಳಿಗೆ ಆಶ್ರಯ. ಅಲ್ಲಿಯ ಬೆಸ್ತರು ದೊಡ್ಡ ಮೀನನ್ನು ಗಾಳದಿಂದ ಹಿಡಿಯುವರು. ಎರೆಗೆ ಬೇಕಾದ ಸಣ್ಣ ಮೀನು ಹವಳದ ಒಳಗಣ ತಿಳಿನೀರಿನಲ್ಲಿಯೇ ಸಿಕ್ಕುವದು. ಅವರ ಒಂದೇ ಕುರಿಮರಿ ಈ ಹವಳವೇ.

ಹವಳದ ಪ್ರಾಣಿಗಳ ಮೈಯೊಳಗೆ ಪಾಚಿಯ ಜಾತಿಯ ಜೀವಿಗಳು ವಾಸಿಸಿ, ಅವಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುತ್ತವೆ. ನೀರು ವಾರಗಟ್ಟಲೆ ಅತಿಯಾಗಿ ಬೆಚ್ಚಗಾದರೆ ಹವಳವು ಈ ಜೊತೆಗಾರರನ್ನು ಹೊರದೂಡಿ ಎಲುಬಿನಂತೆ ಬಿಳುಪಾಗುವದು; ಕಾವು ಬೇಗನೆ ಇಳಿಯದಿದ್ದರೆ ಹಸಿದು ಸಾಯುವದು. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹವಳವು ಹೀಗೆ ಬಿಳುಪಾಯಿತು. ಒಂದು ಗಾಯ ಮಾಯುವ ಮುಂಚೆ ಇನ್ನೊಂದು ಪೆಟ್ಟು!

ಈ ಕಾವು ಎಲ್ಲಿಂದ ಬಂತು? ಕಲ್ಲಿದ್ದಲನ್ನೂ ಕಲ್ಲೆಣ್ಣೆಯನ್ನೂ ಸುಟ್ಟಾಗ ಹುಟ್ಟುವ ಇಂಗಾಲಾಮ್ಲ ವಾಯು ಭೂಮಿಗೆ ಕಂಬಳಿ ಹೊದಿಸಿದಂತೆ ಕಾವನ್ನು ಹಿಡಿದಿಡುತ್ತದೆ. ಯಂತ್ರಗಳ ಕಾಲಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 280 ಪಾಲಿತ್ತು. ಈಗ 420ನ್ನು ದಾಟಿದೆ. ಹೀಗೆ ಕೂಡಿದ ಕಾವಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲನ್ನು ಸಮುದ್ರವೇ ಹೊತ್ತಿತು. ನಾವು ಬಿಡುವ ವಾಯುವಿನಲ್ಲಿಯೂ ಸುಮಾರು ಕಾಲುಭಾಗವನ್ನು ಅದೇ ನುಂಗುತ್ತದೆ. ಅದು ಹೊರದಿದ್ದರೆ ನಮ್ಮ ಹೊಲಗಳ ಬಿಸಿಲು ಇನ್ನೆಷ್ಟು ಕ್ರೂರವಾಗುತ್ತಿತ್ತು!

ಆದರೆ ನುಂಗಿದ್ದು ಒಳಗೆ ಸುಮ್ಮನಿರುವದಿಲ್ಲ. ಕಪ್ಪೆಚಿಪ್ಪಿನ ಮೇಲೆ ನಿಂಬೇರಸವನ್ನು ಹಿಂಡಿ ನೋಡಿರಿ. ನೊರೆಯೆದ್ದು ಚಿಪ್ಪು ಸವೆಯುವದು. ಸಮುದ್ರವು ನಿಂಬೇರಸದಂತೆ ಹುಳಿಯಾಗಿಲ್ಲ, ಇನ್ನೂ ಕ್ಷಾರದ ಕಡೆಗೇ ಇದೆ. ಆದರೂ ಆ ವಾಯು ಕರಗಿದ್ದರಿಂದ ಅದರ ಮೇಲುನೀರಿನ ಆಮ್ಲಗುಣವು ನೂರಕ್ಕೆ ಸುಮಾರು 30ರಷ್ಟು ಹೆಚ್ಚಿದೆ. ಚಿಪ್ಪನ್ನೂ ಹವಳವನ್ನೂ ಕಟ್ಟುವ ಪ್ರಾಣಿಗಳಿಗೆ ತಮ್ಮ ಸುಣ್ಣವನ್ನು ಕೂಡಿಸುವದು ಕಷ್ಟವಾಗುತ್ತಿದೆ.

ನಾವು ಬಯಲುಸೀಮೆಯವರು, ಸಮುದ್ರವನ್ನು ಕಂಡವರೇ ಅಲ್ಲ, ನಮಗೇನು ಅನ್ನುವಿರೋ? ರಾಯಚೂರಿನಲ್ಲಿ ಕಲ್ಲಿದ್ದಲನ್ನು ಸುಟ್ಟು ಮಾಡುವ ವಿದ್ಯುತ್ತು ನಮ್ಮ ನಾಡಿನ ದೀಪಗಳನ್ನೇ ಉರಿಸುತ್ತದೆ. ಬಡವನ ಮನೆಯ ಪಾಲು ಅತಿ ಸ್ವಲ್ಪ, ಇಲ್ಲಿಯ ವರೆಗಿನ ಹೊಗೆಯಲ್ಲಿ ಬಹುಪಾಲು ಐಶ್ವರ್ಯವಂತ ದೇಶಗಳದು ಎಂಬದು ಸತ್ಯವೇ. ಇದನ್ನು ಹೇಳುವದಕ್ಕೆ ನಾತಾನನ ಧೈರ್ಯ ಬೇಕು. ಆದರೆ ಪರರಿಗೆ ಮಾತ್ರ ತೀರ್ಪು ಕೊಟ್ಟು ನಮ್ಮ ಪಾಲನ್ನು ಮರೆತರೆ, ನಾವೂ ದಾವೀದನ ಸ್ಥಾನದಲ್ಲಿಯೇ ನಿಂತೇವು.

ಆದಕಾರಣ ಬೇಡದ ದೀಪವನ್ನು ಆರಿಸಿರಿ. ಬಾವಿಯ ಪಂಪಿಗೆ ಸೂರ್ಯನ ಶಕ್ತಿ ದೊರೆಯುವಲ್ಲಿ ಅದನ್ನು ತಕ್ಕೊಳ್ಳಿರಿ. ಪಂಚಾಯತಿಯಲ್ಲಿ ಈ ಮಾತನ್ನೆತ್ತಲು ನಾಚಬೇಡಿರಿ.

ಸಮುದ್ರವು ನಮ್ಮ ಸೊತ್ತಲ್ಲ. ಅದನ್ನು ಉಂಟುಮಾಡಿದಾತನು ನಮ್ಮನ್ನು ಮನೆವಾರ್ತೆಯವರನ್ನಾಗಿ ಇಟ್ಟಿದ್ದಾನೆ. ಲೆಕ್ಕದ ದಿನದಲ್ಲಿ ಆ ದ್ವೀಪದ ಬಡವನ ಕುರಿಮರಿ ಏನಾಯಿತೆಂದು ಆತನು ಕೇಳಿದರೆ ಏನು ಹೇಳುವೆವು? ದಾವೀದನು ನೆವ ಹೇಳದೆ ತಪ್ಪನ್ನು ಒಪ್ಪಿಕೊಂಡನು. ನಾವೂ ಒಪ್ಪಿಕೊಂಡು, ಇಂದೇ ತಿರುಗಿಕೊಳ್ಳೋಣ. ಆಮೆನ್.